ಬೀಗರ ಮನೆಗೆ ಬುತ್ತಿ ಕಟ್ಟಿಕೊಂಡು ಹೋದವರು

ಈಗ ಆ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ಕೂತ ಮೊದಲ ದಿನವೇ ನಮಗೆ ಮಾಲು ಕೊಡುವ, ಕಪನೂರ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯವರೊಬ್ಬರು ಬಂದು ಚಹಾ ತರಿಸಿದರು, ಕುಡಿದೆ. ಜೊತೆಗೆ ಮಿರ್ಚಿಭಜಿಯೂ ಬಂತು, ಅದನ್ನೂ ಬಿಡಲಿಲ್ಲ. ಭೂಮಿ ಬಾಯಿ ಬಿಡಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ. ಆದರೂ ಎರಡನೆಯ ಭಜಿ ಕೈಗೆತ್ತಿಕೊಳ್ಳುವಾಗ ಬೆನ್ನ ಹಿಂದೆ ಯಾರೋ ಕೆಮ್ಮಿದಂತಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆ ಕುರ್ಚಿಯಲ್ಲಿ ಮೊದಲಿದ್ದವರು ನಿವೃತ್ತರಾಗಿ ಕಮಲಾಪುರದ ಮನೆ ಸೇರಿ ಆಗಲೇ ವಾರವಾಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಓದಿ ಫೋನು ಮಾಡುತ್ತಾರೆ, 'ಇಷ್ಟುದ್ದ ಯಾಕ ಬರದೀರಿ, ಅರ್ಧಕ್ಕ ಮುಗಸಬಹುದಿತ್ತಲ್ಲ' ಎಂದು ಚೌಕಾಸಿಗೆ ಇಳಿಯುತ್ತಾರೆ. ಫ್ಯಾಕ್ಟರಿಯಲ್ಲಿ ವಾಚ್‌ಮನ್‌ನಿಂದ ಮ್ಯಾನೇಜರ್‌ವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಹಾಗೆ ಕರೆಸಿಕೊಳ್ಳುವ ವಯಸ್ಸು ಬರುವ ಮೊದಲೇ ಅವರಿಗೆ ಆ ಮುಖ ಬಂದಿತ್ತಂತೆ.

ನಮ್ಮದು ಕಾರಿನ ಕಂಪನಿ. ಕಲಬುರಗಿಯಲ್ಲಿ ಕಾರು ತಯಾರಾಗುತ್ತದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ, ಮೊದಲ ಕಾರು ಗೇಟು ದಾಟಿದ ದಿನ ನಾವೂ ನಕ್ಕಿದ್ದೆವು. ಬ್ಯಾಟರಿಯ ಮೇಲೆ ಓಡುವ ಪುಟ್ಟ ಕಾರು. ನಂದೂರಿನ ಬೇಳೆ ಮಿಲ್ಲುಗಳ ನಡುವೆ ನಮ್ಮ ಫ್ಯಾಕ್ಟರಿ. ಬೆಳಿಗ್ಗೆ ಬಿಳಿ ಕಾರು ಹೊರಗೆ ನಿಲ್ಲಿಸಿದರೆ ಮಧ್ಯಾಹ್ನದ ಹೊತ್ತಿಗೆ ತೊಗರಿ ಹೊಟ್ಟಿನ ಧೂಳು ಕೂತು ಅರಿಶಿನದ ಮದುಮಗನಾಗಿರುತ್ತದೆ. ಕಾರು ಅಂದರೇನು, ಊರೂರಿನ ಸಾಮಾನಿನ ಗಂಟು. ಮೋಟಾರು ಒಬ್ಬರದು, ಗಾಜು ಒಬ್ಬರದು, ಸೀಟಿನ ಕವರು ಒಬ್ಬರದು. ಅದನ್ನೆಲ್ಲ ಯಾರ ಹತ್ತಿರ, ಯಾವ ದರಕ್ಕೆ ಕೊಳ್ಳಬೇಕೆಂದು ತೀರ್ಮಾನಿಸುವ ಖರೀದಿ ವಿಭಾಗದ ಮುಖ್ಯಸ್ಥರು ಕಾಕಾ. ಅವರ ಕೈಕೆಳಗೆ ನಾನು.

ಖರೀದಿಯವರ ಸುತ್ತ ಜನ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತುತ್ತಾರೆ. ಹಬ್ಬ ಬಂದರೆ ಡಬ್ಬಿ, ಮದುವೆ ಬಂದರೆ ಆಹೇರಿಯ ಉಡುಗೊರೆ, ಏನೂ ಬರದಿದ್ದರೆ ಚಹಾ. ಕಾಕಾ ಮಾತ್ರ ಮಾಲು ಕೊಡುವವರ ಶೆಡ್ಡಿನಲ್ಲಾಗಲಿ ಮನೆಯಲ್ಲಾಗಲಿ ನೀರನ್ನೂ ಮುಟ್ಟುತ್ತಿರಲಿಲ್ಲ. ವೈರಿ ಬಂದರೂ ಚಹಾ ಕುಡಿಸಿ ಆಮೇಲೆ ಜಗಳ ತೆಗೆಯುವ ಊರು ನಮ್ಮದು. ಇಲ್ಲಿ ಚಹಾ ಬೇಡ ಎನ್ನುವುದೆಂದರೆ ಮನೆಯೊಡತಿಯ ಕೈಗೆ ಹೆಸರಿಟ್ಟ ಹಾಗೆ. ಒಮ್ಮೆ ನಾನು ಕೇಳಿಯೇಬಿಟ್ಟೆ.

'ಒಂದು ಕಪ್ ಚಹಾದಾಗ ಏನದ ಕಾಕಾ? ಕಂಪನಿ ಮುಳಗ್ತದೇನು?'

'ಮಾಲು ಕೆಟ್ಟಿದ್ರ ವಾಪಸ್ ಕಳಸ್ಬಹುದು ರೀ. ಉಂಡ ತುತ್ತು ವಾಪಸ್ ಕಳಸ್ಲಾಕ ಬರ್ತದೇನು?' ಎಂದರು.

ಹಾಗೆಂದು ಅವರು ಬರಿಗೈಯಲ್ಲಿ ಹೋಗುವ ಆಸಾಮಿಯೂ ಅಲ್ಲ. ಕಮಲಾಪುರದವರು, ಊರಿನ ಕೆಂಪು ಬಾಳೆಹಣ್ಣು ಸದಾ ಚೀಲದಲ್ಲಿರುತ್ತಿತ್ತು. ಶೆಡ್ಡಿಗೆ ಹೋದ ಕೂಡಲೇ ಮಾಲೀಕನ ಕೈಗೆ ಒಂದು ಹಣ್ಣು ಇಡುತ್ತಿದ್ದರು. ಅವನು ಸುಲಿದು ತಿನ್ನುವ ತನಕ ದರದ ಮಾತು ಎತ್ತುತ್ತಿರಲಿಲ್ಲ. ತಿಂದಾದ ಮೇಲೆ ಮೆಲ್ಲಗೆ, 'ಹಾಂ, ಈಗ ಹೇಳ್ರಿ ರೇಟ್' ಎನ್ನುತ್ತಿದ್ದರು. ಬಾಯಲ್ಲಿ ಇವರ ಹಣ್ಣು ಇಟ್ಟುಕೊಂಡು ಯಾರ ನಾಲಿಗೆ ದರ ಏರಿಸೀತು? ನನ್ನ ಮಟ್ಟಿಗೆ ಅದೂ ಲಂಚವೇ, ದಿಕ್ಕು ಮಾತ್ರ ಉಲ್ಟಾ. ಕಾಕಾಗೆ ಹಾಗೆಂದರೆ, 'ಕೊಡೋದು ತಪ್ಪಲ್ಲ ರೀ' ಎಂದು ನನಗೂ ಒಂದು ಹಣ್ಣು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದರು.

ವರ್ಷದಲ್ಲಿ ಅವರಿಗೆ ನೆಮ್ಮದಿಯ ತಿಂಗಳೆಂದರೆ ರಂಜಾನ್. ಸೀಟಿನ ಕವರು ಹೊಲಿಯುವ ಖಾಜಾಮಿಯಾನ ಶೆಡ್ಡು ಕಪನೂರದಲ್ಲಿದೆ. ಉಳಿದ ದಿನ ಕಾಕಾ ಹೋದರೆ ಅವನು ಚಹಾದ ಕಪ್ಪು ಹಿಡಿದು ಬಾಗಿಲವರೆಗೆ ಬೆನ್ನು ಹತ್ತುತ್ತಿದ್ದ: 'ಜರಾ ಪೀವೋ ಸಾಬ್, ಇದರಾಗ ಜಹರ್ ಹಾಕೀನೇನು?' ರೋಜಾ ಉಪವಾಸದ ದಿನಗಳಲ್ಲಿ ಹಗಲು ಅವನ ಶೆಡ್ಡಿನಲ್ಲಿ ಚಹಾದ ಒಲೆಯೇ ಹೊತ್ತುತ್ತಿರಲಿಲ್ಲ. ಹಾಗಾಗಿ ಕಾಕಾ ಅವನ ಜೊತೆಗಿನ ಕಗ್ಗಂಟಿನ ವ್ಯವಹಾರಗಳನ್ನೆಲ್ಲ ಆ ತಿಂಗಳಿಗೆ ಎತ್ತಿಡುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಹೋಗಿ ನಿರಾಳವಾಗಿ ಕಾಲು ಚಾಚಿ ಕೂತು ಚೌಕಾಸಿ ಶುರು ಮಾಡುತ್ತಿದ್ದರು. ಖಾಜಾಮಿಯಾ ಒಣಗಿದ ತುಟಿಯಲ್ಲಿ, 'ಉಪಾಸ ಇದ್ದವರ ಕೂಡ ಹುಜ್ಜತ್ ಮಾಡಬ್ಯಾಡ್ರಿ ಸಾಬ್, ನಿಮಗೇ ಗುನ್ಹಾ ಹತ್ತತದ' ಎನ್ನುತ್ತಿದ್ದ. ಕಾಕಾ ಆ ತಿಂಗಳು ಬಾಳೆಹಣ್ಣನ್ನು ಮಾತ್ರ ಚೀಲದಿಂದ ತೆಗೆಯುತ್ತಿರಲಿಲ್ಲ. ಅಷ್ಟು ಮರ್ಯಾದೆ ಇತ್ತು.

ಕೆಟ್ಟ ಮಾಲು ಕೊಟ್ಟವರಿಗೆ ಅವರು ಬೈಯುತ್ತಿರಲಿಲ್ಲ. ಕಾರಿನ ಬಾಗಿಲಿನ ಅಂಚಿಗೆ ಸುತ್ತಲೂ ರಬ್ಬರಿನ ಪಟ್ಟಿ ಇರುತ್ತದಲ್ಲ, ಮಳೆ ನೀರು ಒಳಗೆ ಬಾರದಂತೆ, ಅದಕ್ಕೆ ಬೀಡಿಂಗ್ ಅನ್ನುತ್ತೇವೆ. ಮೊದಮೊದಲು ಅದನ್ನು ಕೊಡುತ್ತಿದ್ದವನ ಪಟ್ಟಿ ಮಹಾ ಕಳಪೆ. ಕಾಕಾ ಒಂದು ದಿನ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡು, ಪೇಪರ್ ಬಿಡಿಸಿಕೊಂಡು, ಹೊರಗಿನಿಂದ ಪೈಪು ಹಿಡಿಯಲು ಹೇಳಿದರು. ಎರಡು ಸುದ್ದಿ ಓದುವಷ್ಟರಲ್ಲಿ ಪೇಪರ್ ಮುದ್ದೆಯಾಯಿತು. ಹೊರಬಂದವರೇ ತೊಯ್ದ ಬಟ್ಟೆಯಲ್ಲೇ ಆಟೋ ಹತ್ತಿ ಆ ಮಾಲೀಕನ ಆಫೀಸಿಗೆ ಹೋದರು. ಅವನು ಹೊಸದಾಗಿ ತಂದಿಟ್ಟಿದ್ದ ಸೋಫಾದ ಮೇಲೆ ಕೂತರು. ನೀರು ಸೋಫಾದಿಂದ ನೆಲಕ್ಕೆ, ನೆಲದಿಂದ ಬಾಗಿಲಿಗೆ ಹರಿಯಿತು. ಅವನು ಅವತ್ತೇ ಮಾಲು ವಾಪಸ್ ತೆಗೆದುಕೊಂಡ. ಮುಂದೆ ನಮಗೆ ಮಾಲು ಕೊಡುವ ಆಸೆಯನ್ನೂ ಬಿಟ್ಟ.

ಆಮೇಲೆ ಸಿಕ್ಕವರು ಚನ್ನಣ್ಣ. ಕಪನೂರದಲ್ಲಿ ರಬ್ಬರಿನ ಕಾರ್ಖಾನೆ, ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮನೆ. ಮಾತು ಒರಟು, ಮಾಲು ಚೊಕ್ಕ. ಅವರ ಪಟ್ಟಿ ಹಾಕಿದ ಕಾರಿನಲ್ಲಿ ಕಾಕಾ ಪೇಪರಿನ ರಾಶಿಭವಿಷ್ಯದವರೆಗೂ ಓದಿ ಒಣಗಿದಂತೆಯೇ ಹೊರಗೆ ಬಂದರು. ಇಂಥ ಬೀಡಿಂಗ್ ಸುತ್ತಮುತ್ತ ಇನ್ನೊಬ್ಬರ ಹತ್ತಿರ ಸಿಗುವುದಿಲ್ಲ ಎಂಬುದು ಕಾಕಾಗೂ ಗೊತ್ತು, ಚನ್ನಣ್ಣಗೂ ಗೊತ್ತು.

ಎಲ್ಲ ಸರಿಯಾಗಿ ನಡೆದಿದ್ದಾಗಲೇ ಈ ಪ್ರೀತಿ ಎನ್ನುವುದು ಅಡ್ಡ ಬಂತು. ಕಾಕಾರ ಒಬ್ಬಳೇ ಮಗಳು ಅಂಬಿಕಾ. ಕಲಬುರಗಿಯ ಬ್ಯಾಂಕೊಂದರಲ್ಲಿ ಕೆಲಸ. ಅಪ್ಪ ಮಗಳು ಬೆಳಿಗ್ಗೆ ಕಮಲಾಪುರದಿಂದ ಒಂದೇ ಬಸ್ಸಿಗೆ ಬರುತ್ತಿದ್ದರು. ಚನ್ನಣ್ಣನ ಮಗ ವೀರೇಶ ಕಾರ್ಖಾನೆಯ ಚೆಕ್ಕು ಹಾಕಲು ಅದೇ ಬ್ಯಾಂಕಿಗೆ ಹೋಗುತ್ತಿದ್ದ. ಒಂದು ಚೆಕ್ಕು ಹಾಕಲು ಒಂದು ಸಲ ಹೋಗಬೇಕು, ಆಯಿತೇನೆಂದು ಕೇಳಲು ಇನ್ನೊಂದು ಸಲ, ಆಯಿತೆಂದು ಹೇಳಲು ಮತ್ತೊಂದು ಸಲ. ಚೆಕ್ಕುಗಳೆಲ್ಲ ನಮ್ಮ ಕಂಪನಿಯವು, ಬಿಲ್ಲು ಪಾಸು ಮಾಡಿದವರು ಕಾಕಾ. ಹೀಗೆ ಮಗಳ ಪ್ರೇಮಕ್ಕೆ ಅಪ್ಪನೇ ತಿಂಗಳು ತಿಂಗಳು ಸಹಿ ಹಾಕುತ್ತಿದ್ದರು.

ಜಾತಿ ಒಂದೇ, ಹುಡುಗ ಒಳ್ಳೆಯವನು, ಮನೆತನಕ್ಕೆ ಹೆಸರಿಡುವಂತಿಲ್ಲ. ಬೇರೆ ಅಪ್ಪನಾದರೆ ತೆಂಗಿನಕಾಯಿ ಒಡೆಯುತ್ತಿದ್ದ. ಕಾಕಾ ಮೂರು ದಿನ ಮುಖ ಊದಿಸಿಕೊಂಡು ಕೂತರು. ಮಗಳಿಗೆ ಆ ಹುಡುಗನೇ ಬೇಕು, ಕಾರಿಗೆ ಆ ಬೀಡಿಂಗೇ ಬೇಕು. ಕೊನೆಗೆ ಪುಣೆಯ ಕಡೆಯ ನಮ್ಮ ಮ್ಯಾನೇಜರ ಮುಂದೆ ಹೋಗಿ ಕೊಲೆ ಮಾಡಿ ಬಂದವರಂತೆ ಎಲ್ಲ ಒಪ್ಪಿಸಿದರು. ಆತ ನಕ್ಕು, ಚನ್ನಣ್ಣನ ಫೈಲನ್ನು ಕಾಕಾ ನನ್ನ ಕೈಗೆ ಒಪ್ಪಿಸಬೇಕು, ಇನ್ನು ಆ ದರವನ್ನೂ ಬಿಲ್ಲನ್ನೂ ಅವರ ಬದಲು ನಾನು ನೋಡಿಕೊಳ್ಳಬೇಕು ಎಂದ. ಅಲ್ಲಿಗೆ ಕಾಯಿದೆಯ ಪ್ರಕಾರ ಸಮಸ್ಯೆ ತೀರಿತು. ನಾವೆಲ್ಲ ಹಾಗೇ ಅಂದುಕೊಂಡೆವು.

ನಿಶ್ಚಯ ಕಾರ್ಯ ಚನ್ನಣ್ಣನ ಮನೆಯಲ್ಲಿ. ಹೆಣ್ಣಿನ ಕಡೆಯವರೆಂದು ನಾನೂ ಹೋಗಿದ್ದೆ. ಶಾಸ್ತ್ರ ಮುಗಿಯಿತು, ಊಟಕ್ಕೆ ಸಾಲಾಗಿ ಕೂತೆವು. ಹೂರಣದ ಹೋಳಿಗೆ, ಎಣ್ಣೆಗಾಯಿ ಪಲ್ಯ, ಕಟ್ಟಿನ ಸಾರು, ಮೇಲೆ ತುಪ್ಪ. ಬೀಗರೆಂದು ಕಾಕಾಗೆ ಮೊದಲ ತಟ್ಟೆ. ಅವರು ಆ ತಟ್ಟೆಯನ್ನು ಎರಡೂ ಕೈಯಿಂದ ಹಣೆಗೆ ಒತ್ತಿಕೊಂಡು ಪಕ್ಕಕ್ಕೆ ಸರಿಸಿ, ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದರು. ಜೋಳದ ರೊಟ್ಟಿ, ಹುಳಿ ಸೊಪ್ಪಿನ ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಅವರ ಹೆಂಡತಿ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡರು. ಕಟ್ಟಿಕೊಟ್ಟವರು ಅವರೇ ಅಲ್ಲವೇ, ಇನ್ನೇನು ಮಾಡಿಯಾರು.

ಬಡಿಸುತ್ತಿದ್ದ ಕೈಗಳೆಲ್ಲ ನಿಂತವು. ಚನ್ನಣ್ಣ ಬಂದು ಎದುರಿಗೆ ನಿಂತರು.

'ಏನ್ರೀ ಇದು ಬೀಗರ?'

'ಬುತ್ತಿ ರೀ.'

'ಅದು ಕಾಣ್ಲಾಕತ್ತದ. ಯಾಕ ಅಂತ ಕೇಳ್ಲಾಕತ್ತೀನಿ.'

'ನೀವು ನಮಗ ಮಾಲು ಕೊಡ್ತೀರಿ. ನಾ ಆ ಕುರ್ಚಿ ಮ್ಯಾಲ ಇರೋ ತನಕ ನಿಮ್ಮನ್ಯಾಗ ಉಣ್ಣಂಗಿಲ್ಲ. ಸಿಟ್ಟಾಗಬ್ಯಾಡ್ರಿ.'

'ನನ್ನ ಫೈಲ್ ಇವರಿಗಿ ಕೊಟ್ಟೀರಲ್ಲ' ಎಂದು ಚನ್ನಣ್ಣ ನನ್ನ ಕಡೆ ಬೆರಳು ತೋರಿಸಿದರು. ಎಲ್ಲರೂ ನನ್ನನ್ನು ನೋಡಿದರು. ಫೈಲು ನನ್ನ ಕಪಾಟಿನಲ್ಲಿತ್ತು, ಅವರ ಹೋಳಿಗೆ ನನ್ನ ಬಾಯಲ್ಲಿತ್ತು. ನುಂಗುವುದೋ ಉಗುಳುವುದೋ ತಿಳಿಯದೆ ಹಾಗೇ ಕೂತೆ.

'ಫೈಲ್ ಕೊಟ್ಟೀನಿ ಖರೆ' ಎಂದರು ಕಾಕಾ. 'ಕಪನೂರದಾಗ ಉಳದ ಮಂದಿ ಇಲ್ಲೇನ್ರೀ? ಚನ್ನಣ್ಣನ ಮನ್ಯಾಗ ಉಂಡಾನ, ನಮ್ಮ ಮನ್ಯಾಗ ಯಾಕ ಚಹಾ ಸುದ್ದಾ ಕುಡಿಯಂಗಿಲ್ಲ ಅಂತ ಖಾಜಾಮಿಯಾ ಕೇಳಿದ್ರ ಏನ್ ಹೇಳ್ಲಿ?'

ಚನ್ನಣ್ಣನ ಮುಖ ಕೆಂಪಾಯಿತು. 'ಹಂಗಾದ್ರ ನಾಳಿಯಿಂದ ನಿಮ್ಮ ಕಂಪನಿಗಿ ಮಾಲು ಕೊಡಂಗಿಲ್ಲ. ಬಿಟ್ಟೆ. ಈಗ ಉಣ್ಣ್ರಿ.'

ಅಷ್ಟು ಹೊತ್ತು ಕಲ್ಲಿನಂತೆ ಕೂತಿದ್ದ ಕಾಕಾ ಆಗ ನಿಜವಾಗಿ ಹೆದರಿದರು. 'ಹಂಗ ಮಾಡಬ್ಯಾಡ್ರಿ ಮಾರಾಯ್ರ. ನೀವು ಬಿಟ್ಟ್ರ ಮಳಿಗಾಲದಾಗ ನಮ್ಮ ಕಾರೆಲ್ಲಾ ಸೋರ್ತಾವ.'

'ಸೋರ್ಲಿ. ಬೀಗ ಉಣ್ಣದ ಮನಿಗಿ ಸೊಸಿ ಹ್ಯಾಂಗ ತಂದುಕೊಳ್ಳಲಿ? ಮಂದಿ ಏನಂತಾರ? ನಮ್ಮ ಅನ್ನಕ್ಕ ಏನಾಗ್ಯಾದ?'

ಒಳಗಿನ ಬಾಗಿಲ ಹತ್ತಿರ ಅಂಬಿಕಾ ಹೊಸ ಸೀರೆಯಲ್ಲಿ ನಿಂತಿದ್ದಳು. ಅವಳು ಹುಡುಗನ ಕಡೆ ನೋಡಲಿಲ್ಲ, ಬೀಗರ ಕಡೆ ನೋಡಲಿಲ್ಲ, ಅಪ್ಪನ ಡಬ್ಬಿಯನ್ನೇ ನೋಡುತ್ತಿದ್ದಳು. ಅವಳ ಬಣ್ಣ ಇಳಿದುಹೋಗಿತ್ತು. ಅವತ್ತು ನನಗೆ ಕಾಕಾರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ನಿನ್ನ ನೇಮ ನಿನ್ನ ಹತ್ತಿರ ಇಟ್ಟುಕೊಳ್ಳಪ್ಪ, ಮಗಳ ಬಾಳಿಗೆ ಯಾಕೆ ಕಲ್ಲು ಹಾಕುತ್ತಿ ಎಂದು ಎದ್ದು ಹೇಳಬೇಕೆನಿಸಿತು. ಬಾಯಿ ಖಾಲಿ ಇರಲಿಲ್ಲ.

ಆ ಗಂಟು ಬಿಡಿಸಿದವಳು ಚನ್ನಣ್ಣನ ತಾಯಿ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಹಲ್ಲಿಲ್ಲದ ಮುದುಕಿ. 'ಡಬ್ಬಿಯಾಗ ಪಲ್ಯಾ ಯಾತರದ್ದು?' ಎಂದು ಕೇಳಿದಳು.

'ಪುಂಡಿಪಲ್ಯಾ ರೀ ಅವ್ವಾರ.'

'ನನಗೊಂದೀಟು ಹಾಕು.'

ಕಾಕಾ ಎದ್ದು ಹೋಗಿ ಹಾಕಿದರು. ಮುದುಕಿ ನೆಕ್ಕಿ ನೋಡಿ, 'ಉಪ್ಪು ಕಮ್ಮಿ ಆಗ್ಯಾದ. ನಮ್ಮನಿ ಉಪ್ಪು ಹಾಕ್ಲೇನು?' ಎಂದಳು.

'ಬ್ಯಾಡ್ರಿ' ಎಂದರು ಕಾಕಾ.

'ಅಂವಗ ಸಪ್ಪನೇ ಉಣ್ಣಲಾಕ ಬಿಡು ಚನ್ನ್ಯಾ' ಎಂದಳು ಮುದುಕಿ ಮಗನಿಗೆ. 'ನಾವು ಮಾಡಿಕೊಳ್ಳಾಕತ್ತಿದ್ದು ಹುಡುಗೀನ, ಅಕಿ ಅಪ್ಪನ ಹೊಟ್ಟೀನ ಅಲ್ಲ. ಮಾಲೂ ಕೊಡು, ಸೊಸೀನೂ ತಾ. ಹೋಳಗಿ ಆರ್ಲಾಕತ್ತದ, ಬಡಸ್ರಿ.'

ಮೊದಲು ನಕ್ಕವರು ಹೆಂಗಸರು. ಆಮೇಲೆ ವೀರೇಶ. ಚನ್ನಣ್ಣ ಮಾತ್ರ ನಗಲಿಲ್ಲ, ಆದರೆ ಕೂತರು. ನಾನು ಬಾಯಲ್ಲಿದ್ದುದನ್ನು ನುಂಗಿದೆ.

ಮದುವೆ ಕಮಲಾಪುರದಲ್ಲಾಯಿತು. ಖರ್ಚು ಕಾಕಾರದು, ಅನ್ನ ಕಾಕಾರದು. ಅಲ್ಲಿ ಅವರು ಪಂಕ್ತಿಯ ನಡುವೆ ಕೂತು ಎರಡು ಸಲ ಬಡಿಸಿಕೊಂಡು ಉಂಡರು. ಪೆಂಡಾಲಿನವನಿಗೆ ಮೊದಲು ಬಾಳೆಹಣ್ಣು ಕೊಟ್ಟು ಆಮೇಲೆ ದರ ಮಾತಾಡಿದ್ದರು ಎನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ಅಂದಿನಿಂದ ಅವರದೊಂದು ವಾರದ ಪದ್ಧತಿ ಶುರುವಾಯಿತು. ಶನಿವಾರ ಕಮಲಾಪುರದಿಂದ ಎರಡು ಡಬ್ಬಿ ಬರುತ್ತಿದ್ದವು. ಚಿಕ್ಕದು ಮಧ್ಯಾಹ್ನ ನಮ್ಮ ಕೂಡ ಉಣ್ಣಲು. ದೊಡ್ಡದು ಸಂಜೆ ಐವಾನ್-ಎ-ಶಾಹಿಗೆ. ಮಗಳ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗುವ ಅಪ್ಪನೆಂದರೆ ಆ ಓಣಿಯ ಹುಡುಗರಿಗೂ ಗುರುತು. ಖಾಜಾಮಿಯಾ ಸುದ್ದಿ ಕೇಳಿ ಎದೆಯ ಮೇಲೆ ಕೈಯಿಟ್ಟುಕೊಂಡು, 'ಅಲ್ಲಾ ಕಾ ಶುಕರ್, ನನ್ನ ಚಹಾದ ತಪ್ಪಲ್ಲ ಅಂತ ಇವತ್ತ ತಿಳೀತು' ಎಂದ.

ಶನಿವಾರ ಮಗಳ ಮನೆಯಿಂದ ಮರಳುವಾಗ ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಹುರಿದ ಶೇಂಗಾ ಕೊಂಡು ಗಬಗಬ ತಿನ್ನುತ್ತ ಬಸ್ಸು ಕಾಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಡಬ್ಬಿಗಟ್ಟಲೆ ರೊಟ್ಟಿ ಉಂಡ ಮೇಲೂ ಶೇಂಗಾ ಬೇಕಾಗುವ ಹೊಟ್ಟೆ ಎಂಥದಪ್ಪಾ ಎಂದು ಆಫೀಸಿನಲ್ಲಿ ಹೇಳಿ ನಗಿಸುತ್ತಿದ್ದೆ. ಒಮ್ಮೆ ಅಲ್ಲೇ ಅವರ ಪಕ್ಕ ಕೂತು ಕೆಣಕಿದೆ.

'ಮಗಳ ಮನಿಗಿ ಹೋಗಿ ನಿಮ್ಮ ರೊಟ್ಟಿ ನೀವೇ ಉಂಡು ಬರ್ತೀರಲ್ಲ ಕಾಕಾ, ನಾಚಿಕಿ ಆಗಂಗಿಲ್ಲೇನು?'

'ಆಗ್ತದ ರೀ' ಎಂದರು. ಸ್ವಲ್ಪ ಹೊತ್ತು ಶೇಂಗಾದ ಸಿಪ್ಪೆ ಊದಿದರು. 'ಅಕಿ ಭಾಳ ಚಂದ ಅಡಗಿ ಮಾಡ್ತಾಳಂತ. ಎಲ್ಲಾರೂ ಹೇಳ್ತಾರ. ನನಗ ವಾಸನಿ ಅಷ್ಟೇ ಗೊತ್ತು. ಕುರ್ಚಿ ಇಳದ ದಿನ ಮೊದಲ ತುತ್ತು ಅಕಿ ಕೈಯಾಂದು ಉಣ್ತೀನಿ. ಅದೊಂದು ಆಸಿ ಅದ.'

ಅಷ್ಟು ನೇರವಾಗಿ ಅವರು ಯಾವತ್ತೂ ಮಾತಾಡಿದ್ದಿಲ್ಲ. ಅವರ ಶೇಂಗಾದಲ್ಲಿ ಒಂದು ಹಿಡಿ ತೆಗೆದುಕೊಂಡು ತಿಂದೆ.

ಕುರ್ಚಿ ಇಳಿಯುವ ದಿನ ಶನಿವಾರವೇ ಬಂತು. ಕ್ಯಾಂಟೀನಿನಲ್ಲಿ ಸಮಾರಂಭ. ಕಪನೂರಕ್ಕೆ ಕಪನೂರವೇ ಬಂದಿತ್ತು. ಸಂಜೆಯ ಸೈರನ್ ಆದರೆ ಕಾಕಾ ಖರೀದಿಯವರಲ್ಲ, ಬರೀ ಮನುಷ್ಯ. ಆಗ ಅವರಿಗೆ ಏನು ಬೇಕಾದರೂ ಕುಡಿಸಬಹುದು ಎಂದು ಲೆಕ್ಕ ಹಾಕಿ ಒಬ್ಬೊಬ್ಬರೂ ಕೈಯಲ್ಲಿ ಚಹಾದ ಕಪ್ಪು ಹಿಡಿದು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಖಾಜಾಮಿಯಾ. ಮ್ಯಾನೇಜರ ಭಾಷಣವನ್ನು ಯಾರೂ ಕೇಳಲಿಲ್ಲ, ಎಲ್ಲರ ಕಿವಿ ಸೈರನ್ ಕಡೆಗಿತ್ತು. ಸೈರನ್ ಆಯಿತು. ಕಾಕಾ ಎದ್ದು ಕೈ ಮುಗಿದರು.

'ನಾಳಿ ಎಲ್ಲಾರ ಮನಿಗೂ ಬಂದು ಕುಡಿತೀನಿ ರೀ. ಇವತ್ತ ಮಗಳ ಮನ್ಯಾಗ ಉಣ್ಣೋದದ. ಮುಂಜಾನಿಯಿಂದ ಉಪಾಸ ಇದ್ದೀನಿ.'

ಖಾಜಾಮಿಯಾ ತನ್ನ ಕೈಯಲ್ಲಿದ್ದ ಚಹಾವನ್ನು ತಾನೇ ಕುಡಿದು, 'ಜಾವೋ ಸಾಬ್, ಉಪಾಸದವರ ಕೂಡ ನಾ ಹುಜ್ಜತ್ ಮಾಡಂಗಿಲ್ಲ' ಎಂದ.

ಕಂಪನಿಯ ಕಾರಿನಲ್ಲಿ ನಾನೇ ಅವರನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಡಬ್ಬಿ ಇರಲಿಲ್ಲ; ಎರಡೂ ಡಬ್ಬಿ ಬೇಡವೆಂದು ಹೆಂಡತಿಗೆ ಮೊದಲೇ ಹೇಳಿದ್ದರಂತೆ. ಕೈ ಬೀಸಿಕೊಂಡು ನಡೆಯುವುದು ಗೊತ್ತಿಲ್ಲದೆ ಗೇಟಿನಿಂದ ಬಾಗಿಲವರೆಗೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದರು.

ಚನ್ನಣ್ಣ ಬಾಗಿಲಲ್ಲೇ ನಿಂತಿದ್ದರು. ಹೊಸ ಅಳಿಯನನ್ನು ಕರೆದಂತೆ ಒಳಗೆ ಕರೆದು ಕೂರಿಸಿದರು. ಅದೇ ಹೋಳಿಗೆ, ಅದೇ ಎಣ್ಣೆಗಾಯಿ. ಮುದುಕಿ ಮೂಲೆ ಬಿಟ್ಟು ಮುಂದೆ ಸರಿದು ಕೂತಳು. ಅಂಬಿಕಾ ಬಡಿಸಿದಳು. ಕಾಕಾ ಹೋಳಿಗೆಯ ಒಂದು ತುತ್ತು ಮುರಿದು ಬಾಯಿಗಿಟ್ಟರು. ಅಗಿದರು, ನುಂಗಿದರು, ಕಣ್ಣು ಒರೆಸಿಕೊಂಡರು. 'ಖಾರ' ಎಂದರು. ಹೋಳಿಗೆಯಲ್ಲಿ ಎಂಥ ಖಾರ ಎಂದು ಯಾರೂ ಕೇಳಲಿಲ್ಲ. ಚನ್ನಣ್ಣ ಅವತ್ತು ಮೊದಲ ಬಾರಿಗೆ ನಕ್ಕರು.

ಅಂಬಿಕಾ ಮಾತ್ರ ನಗಲಿಲ್ಲ. ಅಪ್ಪನ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹೊರಗೆ ಹೋಗಿ ಕಾರಿನ ಕಿಟಕಿಯಿಂದ ಇಣುಕಿ ಬಂದಳು.

'ಅಪ್ಪಾ, ಬುತ್ತಿ ಎಲ್ಲದ?'

'ಇನ್ನ ಬುತ್ತಿ ಯಾಕವ್ವಾ? ಇನ್ನ ಮ್ಯಾಲ ನಾ ಇಲ್ಲೇ ಉಣ್ತೀನಲ್ಲ.'

'ನೀ ಉಣ್ತಿ' ಎಂದಳು ಅಂಬಿಕಾ. 'ನಾ ಏನ್ ಉಣ್ಲಿ?'

ಕಾಕಾರ ಕೈ ತಟ್ಟೆಯಲ್ಲೇ ನಿಂತಿತು. ನನಗೆ ಏನೂ ತಿಳಿಯದೆ ಮುದುಕಿಯ ಕಡೆ ನೋಡಿದೆ.

'ಮದಿವಿ ಆದಾಗಿಂದ ಶನಿವಾರ ಅಕಿ ನಮ್ಮನ್ಯಾಗ ಉಣ್ಣಂಗಿಲ್ಲ' ಎಂದಳು ಮುದುಕಿ. 'ಮುಂಜಾನಿಂದ ದಾರಿ ಕಾಯ್ತಾಳ. ಅವ್ವನ ಕೈ ರೊಟ್ಟಿ ಒಂದು ತುಣುಕು ಬಿಡದ ಅಕಿನೇ ಉಣ್ತಾಳ, ಅಕಿ ಅಪ್ಪ ಎದುರಿಗಿ ಕುಂತು ನೋಡ್ತಾನ. ಖಾಲಿ ಡಬ್ಬಿ ಹಿಡಕೊಂಡು ಹೋಗ್ತಾನ.'

ಇಷ್ಟು ವರ್ಷ ಆ ಶೇಂಗಾ ನೋಡಿ ನಗಿಸಿದ ನನಗೆ ತಲೆ ಎತ್ತಲಾಗಲಿಲ್ಲ. ಅಂಬಿಕಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ನಿಂತಿದ್ದಳು. ಬ್ಯಾಂಕಿನಲ್ಲಿ ಹತ್ತು ಜನರಿಗೆ ಗದರುವ ಹೆಣ್ಣು.

ಕಾಕಾ ತಟ್ಟೆಯಲ್ಲಿದ್ದುದನ್ನು ಒಂದಗುಳೂ ಬಿಡದೆ ಉಂಡರು. ಎದ್ದು ಕೈ ತೊಳೆದು, ಧೋತರದ ಚುಂಗಿಗೆ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

'ಗಾಡ್ಯಾಗ ಚಾರ್ಜ್ ಎಷ್ಟದರೀ?'

'ಕಮಲಾಪುರಕ್ಕ ಹೋಗ್ಲಾಕ ಸಾಕಾಗ್ತದ ಕಾಕಾ. ತಿರುಗಿ ಬರ್ಲಾಕ ಸಾಲಂಗಿಲ್ಲ' ಎಂದೆ.

ಅಂಬಿಕಾ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದಳು.